ತಳದಲ್ಲಿ ನೀರು ತುಂಬಿದ ಬೋಟು: ಕೀಲಿ ತಿರುಗಿಸುವ ಮುಂಚೆ

ಪ್ರಶ್ನೆ: ನಮ್ಮದು ಗಂಗೊಳ್ಳಿ. ಅಪ್ಪಯ್ಯನ ಹೆಸರಿನಲ್ಲಿ 36 ಅಡಿಯ ಟ್ರಾಲ್ (ಬಲೆ ಎಳೆಯುವ) ಬೋಟು ಇದೆ, ಮರದ್ದು, ಹೊರಗಿನಿಂದ ಫೈಬರ್ ಹೊದಿಸಿದ್ದು. ಮೇ ಕೊನೆಗೆ ಹೊಳೆಯಲ್ಲಿ ಕಟ್ಟಿ ಹಾಕಿದ್ದೆವು. ಅಪ್ಪಯ್ಯನಿಗೆ ಹುಷಾರಿಲ್ಲದ ಕಾರಣ ಜುಲೈಯಲ್ಲಿ ಮೂರು ವಾರ ಯಾರೂ ಬೋಟಿನ ಕಡೆ ಹೋಗಲಿಲ್ಲ. ಮೊನ್ನೆ ಹೋಗಿ ನೋಡಿದರೆ ಎಂಜಿನ್ ರೂಮಿನಲ್ಲಿ ಮೊಣಕಾಲಿಗಿಂತ ಮೇಲೆ ನೀರು, ಬೋಟಿನ ಹಿಂಭಾಗ ಕುಸಿದು ಕೂತಿದೆ. ಪಂಪು ಇಟ್ಟು ನೀರು ತೆಗೆದೆವು. ಡ್ರೈವರ್ ಬೇರೆ ಬ್ಯಾಟರಿ ತಂದು ನಾಲ್ಕೈದು ಸಲ ಸೆಲ್ಫ್ ಹೊಡೆದರು. ‘ಟಕ್’ ಎಂಬ ಒಂದು ಸದ್ದು ಬಿಟ್ಟರೆ ಏನೂ ಇಲ್ಲ. ದೀಪಕ್ಕೂ ಪಂಪಿಗೂ ಇರುವ ಸಿಂಗಲ್ ಸಿಲಿಂಡರ್ ಎಂಜಿನ್ನಿನ ಹ್ಯಾಂಡಲ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಮರುದಿನ ಬೆಳಿಗ್ಗೆ ತಳದಲ್ಲಿ ಮತ್ತೆ ಎರಡು ಇಂಚು ನೀರು. ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ, ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು. ಎರಡೂ ಎಂಜಿನ್ ಹೋದವೇ? ಏನು ಮಾಡಬೇಕು?

ಉತ್ತರ: ಮೊದಲು ಬೋಟಿನ ಕೀಲಿಯನ್ನು ಡ್ರೈವರ್ ಕೈಯಿಂದ ಇಸಿದುಕೊಂಡು ಮನೆಯಲ್ಲಿಡಿ. ಸಣ್ಣ ಎಂಜಿನ್ನಿನ ಹ್ಯಾಂಡಲ್ಲನ್ನೂ ತೆಗೆದುಕೊಂಡು ಬನ್ನಿ. ನಾನು ಮುಂದೆ ಹೇಳುವ ಕೆಲಸಗಳು ಮುಗಿಯುವವರೆಗೆ ಯಾರೂ ಇನ್ನೊಂದು ಸಲ ಸೆಲ್ಫ್ ಹೊಡೆಯಬಾರದು, ಹ್ಯಾಂಡಲ್ ಸುತ್ತಬಾರದು.

ಎಂಜಿನ್ ಹೋಗಿಲ್ಲ, ಅಥವಾ ಹೋಗಿದೆ ಎಂದು ಹೇಳಲು ಇನ್ನೂ ಕಾಲ ಬಂದಿಲ್ಲ. ಮಲ್ಪೆಯಿಂದ ಹೊನ್ನಾವರದವರೆಗಿನ ದಕ್ಕೆಗಳಲ್ಲಿ (ಬೋಟು ಕಟ್ಟುವ ಕಟ್ಟೆಗಳಲ್ಲಿ) ಮೂವತ್ತು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಮುಳುಗಿ ಎದ್ದ ಎಂಜಿನ್ನುಗಳಲ್ಲಿ ಹೆಚ್ಚಿನವು ಕೆಟ್ಟದ್ದು ನೀರು ಖಾಲಿ ಮಾಡಿದ ಮೇಲಿನ ಮೊದಲ ಒಂದು ಗಂಟೆಯಲ್ಲಿ, ‘ಒಮ್ಮೆ ಹೊಡೆದು ನೋಡುವ’ ಎಂಬ ಆತುರದಲ್ಲಿ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೆಂಟು ಪಾಲು ಕಿರಿದಾಗಿ ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. ಪಿಸ್ಟನ್ನಿನ ಮೇಲೆ ಒಂದು ಲೋಟ ನೀರು ಇದ್ದರೂ ಸಾಕು, ಮೇಲೆ ಬರುವಾಗ ಅದು ಕಲ್ಲಿಗೆ ಹೊಡೆದ ಹಾಗೆ ನಿಲ್ಲುತ್ತದೆ. ಆಗ ಬಾಗುವುದು ಪಿಸ್ಟನ್ನನ್ನು ಕೆಳಗಿನಿಂದ ತಳ್ಳುವ ಕನೆಕ್ಟಿಂಗ್ ರಾಡ್. ನಿಮ್ಮ ಸಣ್ಣ ಎಂಜಿನ್ನಿನ ಹ್ಯಾಂಡಲ್ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಅದರೊಳಗೆ ಬಹುಶಃ ನೀರಿದೆ ಎಂದು ತಿಳಿಯಿರಿ. ದೊಡ್ಡದರ ‘ಟಕ್’ ಕೂಡ ಅದೇ ಇರಬಹುದು, ಅಥವಾ ಬರೀ ಸೆಲ್ಫ್ ಮೋಟಾರಿಗೆ ನೀರು ಹೊಕ್ಕದ್ದಿರಬಹುದು. ಕಿವಿಯಿಂದ ಇದನ್ನು ತೀರ್ಮಾನ ಮಾಡಲು ಬರುವುದಿಲ್ಲ.

ಅರ್ಧ ಮಾತ್ರ ಮುಳುಗಿದ ಎಂಜಿನ್ನಿನ ತಲೆಯೊಳಗೆ ನೀರು ಹೇಗೆ ಹೋಯಿತು ಎಂದು ನಿಮಗೆ ಅನಿಸಬಹುದು. ‘ಹಿಂಭಾಗ ಕುಸಿದು ಕೂತಿದೆ’ ಎಂದು ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಹೊಗೆ ಪೈಪಿನ ಬಾಯಿ ಬೋಟಿನ ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ತಳದಲ್ಲಿ ನೀರು ತುಂಬಿ ಹಿಂಭಾಗ ಕುಸಿದಾಗ ಆ ಬಾಯಿ ನೀರಿನಡಿ ಹೋಗುತ್ತದೆ. ಪೈಪಿನೊಳಗೆ ಹಿಮ್ಮುಖವಾಗಿ ಬಂದ ನೀರು, ಎಂಜಿನ್ ನಿಂತಾಗ ಯಾವ ಸಿಲಿಂಡರಿನ ಹೊಗೆ ವಾಲ್ವ್ ತೆರೆದಿತ್ತೋ ಅದರೊಳಗೆ ಇಳಿಯುತ್ತದೆ. ಆದ್ದರಿಂದ ಎಲ್ಲ ಸಿಲಿಂಡರಿಗೂ ನೀರು ಹೋಗಿರಬೇಕೆಂದಿಲ್ಲ. ಒಂದಕ್ಕೆ ಹೋಗಿದ್ದರೂ ಹಾನಿ ಅಷ್ಟೇ.

ಆದರೆ ಎಂಜಿನ್ನಿಗೆ ಕೈ ಹಾಕುವ ಮೊದಲು ಆ ಎರಡು ಇಂಚಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಬೋಟು ಈಗಲೂ ನೀರು ಕುಡಿಯುತ್ತಿದೆ. ನೀವು ಎಂಜಿನ್ ಬಿಚ್ಚಿ ನೋಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ತೆಗೆದಿಟ್ಟು ಮನೆಗೆ ಬಂದ ರಾತ್ರಿ ಪಂಪು ಕೈಕೊಟ್ಟರೆ, ಈ ಸಲ ತೆರೆದ ತೂತುಗಳ ಮೂಲಕವೇ ನೀರು ಒಳಗೆ ಹೋಗುತ್ತದೆ. ಇವತ್ತಿನಿಂದ ಇಬ್ಬರು ಸರದಿಯಲ್ಲಿ ಬೋಟಿನಲ್ಲಿ ಮಲಗಲಿ. ಎರಡು ಪಂಪು ಇರಲಿ, ಒಂದಾದರೂ ಬೋಟಿನ ಬ್ಯಾಟರಿಯನ್ನು ನಂಬಿರದ ಪಂಪಾಗಿರಲಿ.

ಕೆಳಗೆ ಇಳಿಯುವ ಮುಂಚೆ ಮುಚ್ಚಳ, ಹಲಗೆ ಎಲ್ಲ ತೆಗೆದು ಅರ್ಧ ಗಂಟೆ ಗಾಳಿ ಆಡಲು ಬಿಡಿ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮೂರು ವಾರ ಮುಚ್ಚಿದ್ದ ಬೋಟಿನ ಮೀನು ಹಾಕುವ ಕೋಣೆಯಲ್ಲಿ ಕೊಳೆತ ಮೀನಿನ ಚೂರು, ನೀರು ಸೇರಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ, ಉಸಿರಾಡುವ ಗಾಳಿ ತೆಳುವಾಗಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬಡಿದು ಆಮೇಲೆ ಮಾಯವಾದರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿದೆ ಎಂದರ್ಥ. ಒಬ್ಬರು ಕೆಳಗೆ ಬಿದ್ದರೆ ಎತ್ತಲು ಇನ್ನೊಬ್ಬರು ಧುಮುಕುವುದು, ಅವರೂ ಬೀಳುವುದು, ಮೀನುಗಾರಿಕೆ ಇರುವ ಊರುಗಳಲ್ಲೆಲ್ಲ ನಡೆದಿದೆ. ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಅಡುಗೆ ಗ್ಯಾಸಿನ ಸಿಲಿಂಡರ್ ಇದ್ದರೆ ಮೊದಲು ದಡಕ್ಕೆ ಸಾಗಿಸಿ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಮುಳುಗಿದ್ದ ಬ್ಯಾಟರಿಯ ನೆಗೆಟಿವ್ ವಯರನ್ನು ಮೊದಲು, ಪಾಸಿಟಿವ್ ಆಮೇಲೆ ತೆಗೆದು ಬ್ಯಾಟರಿಯನ್ನು ಮೇಲಕ್ಕೆ ತನ್ನಿ. ಉಪ್ಪುನೀರು ಬ್ಯಾಟರಿಯೊಳಗೆ ಹೊಕ್ಕರೆ ಕ್ಲೋರಿನ್ ಅನಿಲ ಬರುತ್ತದೆ. ಕಣ್ಣು, ಗಂಟಲು ಉರಿದರೆ ಅಲ್ಲಿ ನಿಲ್ಲಬೇಡಿ. ಪೆಟ್ರೋಲ್ ಪಂಪು ತಂದಿದ್ದರೆ ಅದು ಡೆಕ್ಕಿನ ಮೇಲೆ, ಗಾಳಿ ಬೀಸಿ ಹೋಗುವ ಕಡೆಗೆ ಇರಲಿ. ಎಂಜಿನ್ ರೂಮಿನೊಳಗೆ ಇಟ್ಟು ಓಡಿಸಿದರೆ ಅದರ ಹೊಗೆಯೇ ಕೆಳಗಿರುವವರ ಜೀವ ತೆಗೆಯುತ್ತದೆ.

ಈಗ ಸೋರಿಕೆ. ನಾಲಗೆಗೆ ಹಚ್ಚಿ ಉಪ್ಪಿದ್ದರೆ ಹೊರಗಿನ ನೀರು, ಸಪ್ಪೆಯಿದ್ದರೆ ಮಳೆ ನೀರು ಎಂದು ಹಿರಿಯರು ಹೇಳುವುದುಂಟು. ಬೇಸಿಗೆಯಲ್ಲಿ ಆ ಮಾತು ಸರಿ. ಜುಲೈಯಲ್ಲಿ ನಿಮ್ಮ ಪಂಚಗಂಗಾವಳಿ ಹೊಳೆಯಲ್ಲಿ ಮಾತ್ರ ಅದನ್ನು ನಂಬಬೇಡಿ. ಐದು ಹೊಳೆಗಳ ನೆರೆನೀರು ಇಳಿಯುವಾಗ ಮೇಲಿನ ಪದರದ ನೀರು ಬಹುಪಾಲು ಸಿಹಿಯೇ. ನಾನು ಮಾಡುವುದು ಹೀಗೆ: ತಳವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸುವವರೆಗೆ ನೀರು ತೆಗೆಯುವುದು, ಮೇಲೆ ಟಾರ್ಪಾಲು ಬಿಗಿಯಾಗಿ ಹೊದಿಸುವುದು, ತಳದ ಒಂದು ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಟಾರ್ಚ್ ಹಿಡಿದು ಕೂರುವುದು. ಮಳೆ ಬಂದರೂ ಟಾರ್ಪಾಲಿನಡಿ ನೀರು ಏರಿದರೆ ಅದು ಹೊಳೆಯಿಂದಲೇ ಬರುತ್ತಿದೆ. ಒಣಗಿಸಿದ ತಳದ ಮೇಲೆ ಗೋಧಿ ಹಿಟ್ಟು ಉದುರಿಸಿದರೆ ಹೊಸ ನೀರು ಹರಿದ ದಾರಿ ಗೆರೆಯಾಗಿ ಕಾಣುತ್ತದೆ. ಗೆರೆಯ ಹಿಂದೆ ಹೋದರೆ ಮೂಲ ಸಿಗುತ್ತದೆ.

ಹುಡುಕುವ ಮೊದಲ ಜಾಗ, ಎಂಜಿನ್ನಿನಿಂದ ಫ್ಯಾನಿಗೆ (ನೀರಿನಡಿ ತಿರುಗಿ ಬೋಟನ್ನು ತಳ್ಳುವ ರೆಕ್ಕೆಗೆ) ಹೋಗುವ ಶಾಫ್ಟ್ ಹೊರಬೀಳುವಲ್ಲಿ ನೀರು ತಡೆಯುವ ಗ್ಲ್ಯಾಂಡ್. ಫ್ಯಾನು ತಿರುಗುವಾಗ ಅಲ್ಲಿ ನಿಮಿಷಕ್ಕೆ ಏಳೆಂಟು ಹನಿ ಬೀಳಬೇಕು, ಆ ನೀರೇ ಅದರೊಳಗಿನ ಪ್ಯಾಕಿಂಗನ್ನು, ಅಂದರೆ ಶಾಫ್ಟಿನ ಸುತ್ತ ತುಂಬುವ ಹಗ್ಗವನ್ನು, ತಂಪಾಗಿಡುತ್ತದೆ. ಬೋಟು ನಿಂತಾಗ ಹನಿ ನಿಲ್ಲಬೇಕು, ಅಥವಾ ನಿಂತಂತೆಯೇ ಇರಬೇಕು. ಇದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ, ನೀವು ನೋಡಿ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರ್. ಸೆಕೆಂಡಿಗೆ ಒಂದೇ ಹನಿಯೆಂದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು. ಮೀನುಗಾರಿಕೆ ನಿಷೇಧದ 61 ದಿನಕ್ಕೆ 260 ಲೀಟರ್ ದಾಟುತ್ತದೆ. ಮೇ ತಿಂಗಳಲ್ಲಿ ಕೊನೆಯ ಸಲ ಬಲೆ ಎಳೆದು ಬಂದಾಗ ಸವೆದಿದ್ದ ಪ್ಯಾಕಿಂಗನ್ನು ‘ಮಳೆ ಮುಗಿಯಲಿ’ ಎಂದು ಹಾಗೇ ಬಿಟ್ಟರೆ ಆಗುವುದು ಇದು. ಗ್ಲ್ಯಾಂಡಿನ ಎರಡೂ ನಟ್ಟುಗಳನ್ನು ಸಮನಾಗಿ, ಒಮ್ಮೆಗೆ ಕಾಲು ಸುತ್ತಿನಂತೆ ಬಿಗಿ ಮಾಡಿ ಹನಿ ನಿಲ್ಲುವುದೋ ನೋಡಿ. ಒಂದೇ ಬದಿ ಬಿಗಿದರೆ ಗ್ಲ್ಯಾಂಡ್ ಓರೆಯಾಗಿ ಶಾಫ್ಟನ್ನೇ ತಿನ್ನುತ್ತದೆ. ನಟ್ಟು ಕೊನೆಯವರೆಗೆ ಹೋದರೂ ನಿಲ್ಲದಿದ್ದರೆ ಪ್ಯಾಕಿಂಗ್ ಮುಗಿದಿದೆ, ಬೋಟನ್ನು ದಡಕ್ಕೆ ಎಳೆಸಿಯೇ ಬದಲಿಸಿ. ಹೊಸದನ್ನು ಹಾಕುವಾಗ ಉದ್ದ ಹಗ್ಗವನ್ನು ಹಾಗೇ ಸುರುಳಿ ಸುತ್ತಿ ತುರುಕಬೇಡಿ. ಬಳೆಗಳಂತೆ ಕತ್ತರಿಸಿ, ಒಂದರ ಕೂಡು ಇನ್ನೊಂದರ ಕೂಡಿನ ನೇರಕ್ಕೆ ಬಾರದ ಹಾಗೆ ಕೂರಿಸಬೇಕು.

ಗ್ಲ್ಯಾಂಡ್ ಸರಿಯಿದ್ದರೆ ಎಂಜಿನ್ ತಂಪಿಗೆ ಕಡಲ ನೀರು ಎಳೆಯುವ ವಾಲ್ವ್ ಮತ್ತು ಅದರ ರಬ್ಬರ್ ಪೈಪ್ ನೋಡಿ. ಕ್ಲಿಪ್ಪಿನ ಮೇಲ್ಭಾಗ ಹೊಳೆಯುತ್ತಿರುತ್ತದೆ, ಅಡಿಭಾಗ ತುಕ್ಕು ಹಿಡಿದು ನೂಲಿನಂತಾಗಿರುತ್ತದೆ. ಬೆರಳು ಹಾಕಿ ಅಡಿಯಿಂದ ಮುಟ್ಟಿ ನೋಡದೆ ತಿಳಿಯದು. ಈ ಪೈಪ್ ಕಳಚಿದರೆ ಏನಾಗುತ್ತದೆ ಗೊತ್ತೇ? ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದು ಇಂಚು ಅಗಲದ ತೂತಿನಿಂದ ಸೆಕೆಂಡಿಗೆ ಒಂದು ಲೀಟರಿನಷ್ಟು ನೀರು ನುಗ್ಗುತ್ತದೆ, ಗಂಟೆಗೆ 3,600 ಲೀಟರ್. ನಿಮ್ಮ ಬೋಟಿನಲ್ಲಿ ಅದು ಆಗಿದ್ದರೆ ಬೋಟೇ ಉಳಿಯುತ್ತಿರಲಿಲ್ಲ. ಕಟ್ಟಿ ಹಾಕುವ ಬೋಟಿನಲ್ಲಿ ಈ ವಾಲ್ವ್ ಮುಚ್ಚಿರಲೇಬೇಕು, ಮುಚ್ಚಿದ್ದೇವೆ ಎಂದು ನೆನಪಿರಲು ಕೀಲಿಗೆ ಒಂದು ಚೀಟಿ ಕಟ್ಟಿರಬೇಕು.

ಚುಕ್ಕಾಣಿಯ ಕಂಬ ಇಳಿಯುವ ಜಾಗವನ್ನೂ ಪಂಪಿನ ನೀರು ಹೊರಹೋಗುವ ಪೈಪನ್ನೂ ಮರೆಯಬೇಡಿ. ಆ ಪೈಪಿನ ಬಾಯಿ ತೀರಾ ಕೆಳಗಿದ್ದರೆ, ಬೋಟು ಸ್ವಲ್ಪ ಕುಸಿದೊಡನೆ ಹೊರಗಿನ ನೀರು ಅದೇ ದಾರಿಯಲ್ಲಿ ತಾನಾಗಿ ಒಳಕ್ಕೆ ಹರಿಯತೊಡಗುತ್ತದೆ. ನೀರು ತೆಗೆಯಬೇಕಾದ ಪಂಪೇ ನೀರು ತುಂಬಿಸುತ್ತದೆ. ಪೈಪನ್ನು ಡೆಕ್ಕಿನ ಅಡಿಯವರೆಗೆ ಎತ್ತರಕ್ಕೆ ಒಯ್ದು, ಬಗ್ಗಿಸಿ ಇಳಿಸಿ, ಬಗ್ಗಿದ ತುದಿಯಲ್ಲಿ ಗಾಳಿ ಹೋಗುವ ಸಣ್ಣ ವಾಲ್ವ್ ಇಟ್ಟರೆ ಈ ತೊಂದರೆ ಇಲ್ಲ. ಮಳೆಯ ಪಾಲೂ ಸಣ್ಣದಲ್ಲ. ನಮ್ಮ ಕರಾವಳಿಯಲ್ಲಿ ಒಂದೇ ದಿನ 100 ಮಿಲಿ ಮೀಟರ್ ಮಳೆ ಸುರಿಯುವುದು ಹೊಸದೇನಲ್ಲ. ಇಪ್ಪತ್ತು ಚದರ ಮೀಟರ್ ಡೆಕ್ಕಿನ ನೀರು ಹೊರಗೆ ಹೋಗುವ ಬದಲು ಒಳಗಿಳಿದರೆ ಆ ಒಂದು ದಿನಕ್ಕೇ 2,000 ಲೀಟರ್.

ಫೈಬರ್ ಹೊದಿಸಿದ ಮರದ ಬೋಟಿನಲ್ಲಿ ಇನ್ನೊಂದು ಕಷ್ಟವಿದೆ. ಹೊರಗೆ ಫೈಬರ್ ಬಿರುಕು ಬಿಟ್ಟದ್ದು ಒಂದು ಕಡೆ, ಮರದ ಹಲಗೆಯ ಸಂದಿನಲ್ಲಿ ನಡೆದು ನೀರು ಒಳಗೆ ತೋರಿಸಿಕೊಳ್ಳುವುದು ನಾಲ್ಕು ಅಡಿ ಆಚೆ. ಒಳಗಿನಿಂದ ಸಿಮೆಂಟೋ ಪುಟ್ಟಿಯೋ ಮೆತ್ತಿದರೆ ನೀರು ಇನ್ನೊಂದು ಕಡೆ ಬಾಯಿ ಮಾಡುತ್ತದೆ, ನಡುವಿನ ಮರ ಕೊಳೆಯುತ್ತದೆ. ಗ್ಲ್ಯಾಂಡ್, ಪೈಪ್, ಚುಕ್ಕಾಣಿ ಮೂರೂ ಸರಿಯಿದ್ದು ಒಂದು ರಾತ್ರಿಗೆ ಎರಡು ಇಂಚು ಬರುತ್ತಿದ್ದರೆ ಬೋಟು ದಡಕ್ಕೆ ಬರಲೇಬೇಕು. ಅಲ್ಲಿಯವರೆಗೆ ಎಂಜಿನ್ ಕೆಲಸ ಮಾಡಿಸಿದ್ದೆಲ್ಲ ಹೊಳೆಗೆ ಹಾಕಿದ ಹುಣಸೆ.

ಹಾಂ, ಪಂಪಿನ ನೀರನ್ನು ಎಲ್ಲಿಗೆ ಬಿಟ್ಟಿರಿ? ಮೇಲೆ ತೇಲುವ ಡೀಸೆಲ್, ಆಯಿಲ್ ಇದ್ದರೆ ಅದನ್ನು ಮೊದಲು ಬಕೆಟ್ಟಿನಲ್ಲಿ ಮೊಗೆದು, ಉಳಿದದ್ದನ್ನು ಗೋಣಿಚೀಲದಲ್ಲಿ ಹೀರಿಸಿ ಡ್ರಮ್ಮಿಗೆ ತುಂಬಿ. ಪಂಪಿನ ಬಾಯಿ ಸದಾ ನೀರಿನ ತಳದಲ್ಲಿರಲಿ, ಕೊನೆಯ ನಾಲ್ಕು ಇಂಚನ್ನು ಹೊಳೆಗೆ ಬಿಡಬೇಡಿ. ಸೋಪಿನ ಪುಡಿ ಹಾಕಿ ಎಣ್ಣೆ ‘ಕರಗಿಸುವುದು’ ಇನ್ನೂ ಕೆಟ್ಟದ್ದು. ಅದೇ ಹೊಳೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕಿ ಬದುಕುವ ಹೆಂಗಸರಿದ್ದಾರೆ.

ಇನ್ನು ದೊಡ್ಡ ಎಂಜಿನ್ನಿಗೆ ಬರೋಣ. ಟಾರ್ಚ್ ಹಿಡಿದು ಎಂಜಿನ್ನಿನ ಪಕ್ಕವನ್ನು ನೋಡಿ. ನೀರು ನಿಂತಿದ್ದ ಮಟ್ಟದಲ್ಲಿ ಎಣ್ಣೆಯ ಕಪ್ಪು ಗೆರೆಯೊಂದು ಸುತ್ತಲೂ ಅಂಟಿರುತ್ತದೆ. ಅದರ ಫೋಟೋ ತೆಗೆದಿಡಿ. ವಿಮೆ ಇದ್ದರೆ ಬಿಚ್ಚುವ ಮೊದಲೇ ಅವರಿಗೆ ತಿಳಿಸಿ, ಈ ಗೆರೆಯೇ ನಿಮ್ಮ ಸಾಕ್ಷಿ. ಸೆಲ್ಫ್ ಮೋಟಾರು, ಡೈನಮೋ, ಗೇರ್ ಬಾಕ್ಸಿನ ಆಯಿಲ್ ಕಡ್ಡಿ, ಎಂಜಿನ್ನಿನ ಆಯಿಲ್ ಕಡ್ಡಿ, ಗಾಳಿ ಎಳೆಯುವ ಬಾಯಿ, ಇವುಗಳಲ್ಲಿ ಯಾವುದು ಗೆರೆಯ ಕೆಳಗೆ, ಯಾವುದು ಮೇಲೆ ಎಂದು ಬರೆದುಕೊಳ್ಳಿ. ಕೆಳಗಿರುವ ಎಲ್ಲದರೊಳಗೂ ನೀರಿದೆ ಎಂದೇ ಇಟ್ಟುಕೊಂಡು ಹೊರಡಬೇಕು.

ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಮೊದಲಿಗಿಂತ ಏರಿದ್ದರೆ ಚೇಂಬರಿನಲ್ಲಿ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಲ್ಲಿ) ನೀರಿದೆ. ಬಣ್ಣ ಹಾಲು ಹಾಕಿದ ಚಹಾದಂತಿದ್ದರೆ ನೀರೂ ಆಯಿಲ್ಲೂ ಕಡೆದುಹೋಗಿದೆ. ನಿಮ್ಮ ಎಂಜಿನ್ ತಿರುಗಿಯೇ ಇಲ್ಲವಾದ್ದರಿಂದ ಬಣ್ಣ ಕಪ್ಪಾಗಿಯೇ ಇರಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. ತಿರುಗದ ಎಂಜಿನ್ನಿನಲ್ಲಿ ನೀರು ತಳದಲ್ಲಿ, ಆಯಿಲ್ ಮೇಲೆ ಪದರವಾಗಿ ನಿಂತಿರುತ್ತದೆ. ಚೇಂಬರಿನ ಅಡಿಯ ಬೋಲ್ಟನ್ನು ಬೆರಳಿನಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ಸಡಿಲಿಸಿದರೆ ಮೊದಲು ಬರುವುದು ತಣ್ಣನೆಯ ತಿಳಿನೀರು, ಆಮೇಲೆ ನೀರಿನೊಡನೆ ಎಳೆ ಎಳೆಯಾಗಿ ಕಪ್ಪು, ಕೊನೆಗೆ ಬರೀ ಆಯಿಲ್. ಆ ಮೊದಲ ತಿಳಿನೀರನ್ನು ಬಾಟಲಿಯಲ್ಲಿ ಹಿಡಿದು ಅಳೆಯಿರಿ, ಒಳಗೆ ಎಷ್ಟು ಹೋಗಿತ್ತು ಎಂಬುದು ತಿಳಿಯುತ್ತದೆ. ಬೋಲ್ಟಿಗೆ ಕೈ ಹೋಗದಷ್ಟು ಇಕ್ಕಟ್ಟಾದರೆ ಕಡ್ಡಿಯ ಪೈಪಿನಿಂದ ಸಣ್ಣ ಕೈಪಂಪಿನಲ್ಲಿ ಎಳೆಯಬೇಕು, ನಳಿಕೆ ತಳ ಮುಟ್ಟುವಂತೆ. ಗೇರ್ ಬಾಕ್ಸಿಗೂ ಇದೇ ಕ್ರಮ. ಅದನ್ನು ಎಲ್ಲರೂ ಮರೆಯುತ್ತಾರೆ.

ಆಯಿಲ್ ಖಾಲಿಯಾದ ಮೇಲೆ ಎಲ್ಲ ನೋಝಲ್ ಬಿಚ್ಚಿ. ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ, ಅಡಿಯ ತಾಮ್ರದ ವಾಷರ್ ಒಳಗೇ ಉಳಿಯದಂತೆ ನೋಡಿಕೊಳ್ಳಿ. ಈಗ ಪಿಸ್ಟನ್ ನೀರನ್ನು ಒತ್ತಿದರೂ ಅದಕ್ಕೆ ಹೊರಬರಲು ದಾರಿಯಿದೆ. ಫ್ಲೈವ್ಹೀಲಿಗೆ (ಎಂಜಿನ್ನಿನ ತುದಿಯ ಭಾರದ ಚಕ್ರಕ್ಕೆ) ಸರಳು ಕೊಟ್ಟು ಕೈಯಿಂದಲೇ, ಎಂಜಿನ್ ತಿರುಗುವ ದಿಕ್ಕಿನಲ್ಲಿ, ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ತೂತುಗಳ ಮೇಲೆ ಮುಖ ಬಗ್ಗಿಸಬೇಡಿ. ನೀರಿದ್ದ ಸಿಲಿಂಡರ್ ಕೆಂಪು ತುಕ್ಕಿನ ನೀರನ್ನು ಕಾರಂಜಿಯಂತೆ ಉಗುಳುತ್ತದೆ. ತಿರುಗದೆ ಬಿಗಿಯಾಗಿದ್ದರೆ ಪ್ರತಿ ತೂತಿಗೆ ಅರ್ಧ ಲೋಟ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಿಂದೆ ಮುಂದೆ ಸ್ವಲ್ಪಸ್ವಲ್ಪ ಅಲುಗಿಸಿ. ಮೂರು ವಾರದ ತುಕ್ಕು ಸಾಮಾನ್ಯವಾಗಿ ಬಿಡುತ್ತದೆ. ಉದ್ದದ ಪೈಪ್ ಸಿಕ್ಕಿಸಿ ಮೂವರು ನೇತಾಡುವುದು ಬೇಡ.

ಡ್ರೈವರ್ ಆಗಲೇ ನಾಲ್ಕೈದು ಸಲ ಸೆಲ್ಫ್ ಹೊಡೆದಿರುವುದರಿಂದ ರಾಡ್ ಬಾಗಿದೆಯೇ ಎಂಬ ಪರೀಕ್ಷೆಯನ್ನು ಈ ಹಂತದಲ್ಲೇ ಮಾಡಿಬಿಡಿ. ನೋಝಲ್ ತೂತಿನಿಂದ ನೇರ ಪಿಸ್ಟನ್ ಮುಟ್ಟಲು ಸಾಧ್ಯವಿರುವ ಎಂಜಿನ್ ಆದರೆ ಸುಲಭ. ಸೈಕಲ್ಲಿನ ಚಕ್ರದ ನೇರ ಕಡ್ಡಿಯೊಂದನ್ನು ಇಳಿಬಿಟ್ಟು, ಪಿಸ್ಟನ್ ತೀರಾ ಮೇಲೆ ಬಂದಾಗ ತೂತಿನ ಅಂಚಿನ ನೇರಕ್ಕೆ ಕಡ್ಡಿಯ ಮೇಲೆ ಉಗುರಿನಲ್ಲಿ ಹಿಡಿದು ಪೆನ್ನಿನಿಂದ ಗುರುತು ಮಾಡಿ. ಎಲ್ಲ ಸಿಲಿಂಡರಿಗೂ ಅದೇ ಕಡ್ಡಿ. ಗುರುತುಗಳು ಒಂದರ ಮೇಲೊಂದು ಕೂತರೆ ಉಸಿರು ಬಿಡಿ. ಒಂದರಲ್ಲಿ ಮಾತ್ರ ಕಡ್ಡಿ ಹೆಚ್ಚು ಒಳಗೆ ಇಳಿದರೆ ಆ ಪಿಸ್ಟನ್ ಪೂರ್ತಿ ಮೇಲೆ ಬರುತ್ತಿಲ್ಲ, ಅದರ ರಾಡ್ ಬಾಗಿ ಗಿಡ್ಡವಾಗಿದೆ. ಒಂದೆರಡು ಮಿಲಿ ಮೀಟರ್ ವ್ಯತ್ಯಾಸ ಕಂಡರೂ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ತೆಗೆಯದೆ ಗತಿಯಿಲ್ಲ. ಹಿಂದೆ ಒಮ್ಮೆ ನಾನು ಈ ಪರೀಕ್ಷೆ ಮಾಡದೆ ಒಂದು ಬೋಟಿನ ಎಂಜಿನ್ ಸ್ಟಾರ್ಟ್ ಮಾಡಿಕೊಟ್ಟೆ. ಚೆನ್ನಾಗಿಯೇ ಓಡಿತು. ಹನ್ನೊಂದನೆಯ ದಿನ ಕಡಲಲ್ಲಿ ಬಾಗಿದ ರಾಡ್ ಮುರಿದು ಬ್ಲಾಕಿನ ಪಕ್ಕ ಒಡೆದು ಹೊರಬಂತು. ಏಳು ಜನರನ್ನು ಬೇರೆ ಬೋಟಿನವರು ಎಳೆದು ತಂದರು. ಆಮೇಲೆ ಆ ಕಡ್ಡಿ ನನ್ನ ಪೆಟ್ಟಿಗೆಯಿಂದ ಹೊರಗೆ ಹೋಗಿಲ್ಲ.

ಸಣ್ಣ ಎಂಜಿನ್ ಸುಲಭ. ನೋಝಲ್ ತೆಗೆಯಿರಿ, ಆಯಿಲ್ ಇಳಿಸಿ, ಕಂಪ್ರೆಶನ್ ಬಿಡುವ ಲಿವರ್ ಎತ್ತಿ ಹ್ಯಾಂಡಲ್ಲನ್ನು ಎರಡೇ ಬೆರಳಿನ ಬಲದಲ್ಲಿ ತಿರುಗಿಸಿ. ಕೈಯಿಂದ ಮಾತ್ರ ಸುತ್ತಿದ್ದರಿಂದ ಅದರ ರಾಡಿಗೆ ಏನೂ ಆಗಿರಲಾರದು. ಅದನ್ನು ಮೊದಲು ಎಬ್ಬಿಸಿ, ಪಂಪಿಗೆ ಆಧಾರವಾಗುತ್ತದೆ.

ನೀರು ಉಪ್ಪಾಗಿದ್ದರೂ ಸಪ್ಪೆಯಾಗಿದ್ದರೂ ಎಂಜಿನ್ನಿನ ಹೊರಮೈಗೆ, ವಯರುಗಳಿಗೆ, ಕಳಚಿದ ಭಾಗಗಳಿಗೆ ಬಾವಿಯ ನೀರು ಹೊಯ್ದು ತೊಳೆಯಿರಿ. ಒದ್ದೆಯಾಗಿದ್ದನ್ನು ಮತ್ತೆ ಒದ್ದೆ ಮಾಡುವುದೇ ಎಂದು ಕೇಳುವವರಿದ್ದಾರೆ. ನೀರು ಒಣಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಉಳಿದ ಉಪ್ಪು ಗಾಳಿಯ ಪಸೆ ಎಳೆದುಕೊಂಡು ದಿನವೂ ತಿನ್ನುತ್ತದೆ. ಸೆಲ್ಫ್ ಮೋಟಾರನ್ನೂ ಡೈನಮೋವನ್ನೂ ಕಳಚಿ, ತೊಳೆದು, ವೈಂಡಿಂಗ್ ಅಂಗಡಿಗೆ ಕೊಟ್ಟು ಒಣಗಿಸಿ ಪರೀಕ್ಷೆ ಮಾಡಿಸಿ. ಒಣಗಿಸದೆ ಕರೆಂಟ್ ಕೊಟ್ಟರೆ ಉಳಿಯುತ್ತಿದ್ದ ವೈಂಡಿಂಗ್ ಸುಡುತ್ತದೆ. ಮುಳುಗಿದ್ದ ಬ್ಯಾಟರಿಯ ಮೇಲೆ ನನಗೆ ಆಸೆಯಿಲ್ಲ. ಬೇರೆ ಬ್ಯಾಟರಿ ಹಾಕಿದ್ದಾರಲ್ಲ, ಅದರ ವೋಲ್ಟ್ ಅಳೆಯಿರಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ 12.6ರ ಹತ್ತಿರ ತೋರಿಸಬೇಕು, ಬರೀ 12 ತೋರಿಸಿದರೆ ಅದು ಬಹುಪಾಲು ಖಾಲಿ. 24 ವೋಲ್ಟಿನ ಜೋಡಿಯಾದರೆ ಇದರ ಎರಡರಷ್ಟು. ಬ್ಲಾಕಿಗೆ ಬರುವ ನೆಗೆಟಿವ್ ವಯರಿನ ತುದಿ ತಳದಲ್ಲೇ ಇರುವುದರಿಂದ ಹಸಿರು ಹಿಡಿದಿರುತ್ತದೆ, ಬಿಚ್ಚಿ ಉಜ್ಜಿ ಮತ್ತೆ ಕೂರಿಸಿ. ಎಷ್ಟೋ ‘ಟಕ್’ಗಳು ಇಷ್ಟಕ್ಕೇ ವಾಸಿಯಾಗುತ್ತವೆ. ಸದ್ದಿನ ವ್ಯತ್ಯಾಸವನ್ನೂ ತಿಳಿದಿರಿ: ‘ಟಕಟಕಟಕ’ ಎಂದು ಬಡಬಡಿಸಿದರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ ಅಥವಾ ತುದಿಗಳು ಸಡಿಲ. ಒಂದೇ ‘ಟಕ್’ ಆದರೆ ಮೋಟಾರು ತಿರುಗುತ್ತಿಲ್ಲ ಅಥವಾ ಎಂಜಿನ್ ಬಿಗಿದಿದೆ.

ಡೀಸೆಲ್ ಟ್ಯಾಂಕಿನ ಗಾಳಿ ಪೈಪಿನ ಬಾಯಿ ಗೆರೆಯ ಕೆಳಗೆ ಬಂದಿತ್ತೇ ನೋಡಿ. ಬಂದಿರದಿದ್ದರೂ ಅರ್ಧ ಖಾಲಿ ಟ್ಯಾಂಕು ಮಳೆಗಾಲದಲ್ಲಿ ಒಳಗೇ ಬೆವರುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತದೆ, ಎಂಜಿನ್ ಮೊದಲು ಎಳೆಯುವುದೂ ಅದನ್ನೇ. ಟ್ಯಾಂಕಿನ ತಳದ ತಿರುಪು ಬಿಚ್ಚಿ ಗಾಜಿನ ಬಾಟಲಿಗೆ ಹಿಡಿಯಿರಿ, ಹತ್ತು ನಿಮಿಷ ಬಿಟ್ಟರೆ ಗೆರೆ ಸ್ಪಷ್ಟವಾಗುತ್ತದೆ. ಲೋಳೆಯಂಥ ಕಪ್ಪು ಪಾಚಿ ಬಂದರೆ ಟ್ಯಾಂಕು ಪೂರ್ತಿ ತೊಳೆಯಬೇಕು. ಫಿಲ್ಟರ್ ಹೊಸದು ಹಾಕಿ, ಕೈಪಂಪು ಒತ್ತುತ್ತಾ ಫಿಲ್ಟರಿನ ಮೇಲಿನ ಬೋಲ್ಟಿನಲ್ಲಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ಡೀಸೆಲ್ ಪಂಪಿನೊಳಗೇ ನೀರು ಹೋಗಿದೆಯೆಂಬ ಅನುಮಾನವಿದ್ದರೆ ಅದನ್ನು ಪಂಪು ಕೆಲಸದವರಿಗೇ ಕೊಡಿ, ದಕ್ಕೆಯ ಮೇಲೆ ಬಿಚ್ಚುವ ವಸ್ತುವಲ್ಲ ಅದು.

ಎಲ್ಲ ಜೋಡಿಸಿ, ಅಗ್ಗದ್ದಾದರೂ ಹೊಸ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ, ನೋಝಲ್ ಕೂರಿಸುವ ಮೊದಲು ಇನ್ನೊಮ್ಮೆ ಕೈಯಿಂದ ಸುತ್ತಿ ನೋಡಿ. ಕಡಲ ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ ಎರಡು ತಿಂಗಳು ಒಂದೇ ಭಂಗಿಯಲ್ಲಿ ನಿಂತು ಎಲೆಗಳು ಬಾಗಿರುತ್ತವೆ, ಅದನ್ನು ಬದಲಿಸಿ. ಮುಚ್ಚಿಟ್ಟ ವಾಲ್ವ್ ತೆರೆಯಿರಿ. ಗಾಳಿ ಎಳೆಯುವ ಬಾಯಿಯ ಪಕ್ಕ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಸಿಲಿಂಡರಿಗೆ ಹಾಕಿದ ಆಯಿಲ್ಲನ್ನೇ ಉರಿಸಿ ಎಂಜಿನ್ ತಡೆಯಿಲ್ಲದೆ ವೇಗ ಹಿಡಿದರೆ ಕೀಲಿಯಿಂದ ನಿಲ್ಲುವುದಿಲ್ಲ, ಗಾಳಿ ಮುಚ್ಚಿಯೇ ನಿಲ್ಲಿಸಬೇಕು. ಅಂಗೈ ಒಡ್ಡಬಾರದು. ಸ್ಟಾರ್ಟ್ ಆದೊಡನೆ ಆಯಿಲ್ ಪ್ರೆಶರ್ ಏರಿತೇ, ಹೊರಗೆ ನೀರು ಬೀಳುತ್ತಿದೆಯೇ ನೋಡಿ. ಮೊದಲಿಗೆ ಬಿಳಿ ಹೊಗೆ ಬರುತ್ತದೆ, ಬಿಸಿಯಾದಂತೆ ಹೋಗಬೇಕು. ಕಾಲು ಗಂಟೆ ನಿಧಾನಕ್ಕೆ ಓಡಿಸಿ ನಿಲ್ಲಿಸಿ, ಬಿಸಿಯಿರುವಾಗಲೇ ಆಯಿಲ್ ಇಳಿಸಿ. ಅದು ಹಾಲು ಚಹಾದಂತೆಯೇ ಬರುತ್ತದೆ, ಹೆದರಬೇಡಿ. ಮತ್ತೆ ಹೊಸತು ಹಾಕಿ ಅರ್ಧ ಗಂಟೆ, ಮತ್ತೆ ಇಳಿಸಿ. ಮೂರನೆಯ ಸಲಕ್ಕೆ ಸಾಮಾನ್ಯವಾಗಿ ಬಣ್ಣ ತಿಳಿಯಾಗುತ್ತದೆ. ಆಯಿಲ್ಲಿನ ಖರ್ಚು ನೋಡಿ ಎರಡನೆಯದಕ್ಕೇ ನಿಲ್ಲಿಸುವವರು ಮುಂದಿನ ವರ್ಷ ಬೇರಿಂಗಿಗೆ ಅದರ ಹತ್ತರಷ್ಟು ಕೊಡುತ್ತಾರೆ.

ನಾಡದೋಣಿಯ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್ ಕಡಲಿಗೆ ಬಿದ್ದು ಎತ್ತಿದವರಿಗೂ ಒಂದು ಮಾತು. ಆ ದಿನವೇ ಬಿಚ್ಚಲು ಜನ ಸಿಗದಿದ್ದರೆ ಅದನ್ನು ಒರೆಸಿ ಒಣಗಿಸಿ ಇಡಬೇಡಿ. ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡಿ. ಗಾಳಿ ತಾಗಿದ ಗಂಟೆಯಿಂದಲೇ ತುಕ್ಕು ಶುರು.

ಇದೇ ನೀರು ಕಡಲ ನಡುವೆ ಬಂದರೆ ಕ್ರಮ ಬೇರೆ. ಅಲ್ಲಿ ಎಂಜಿನ್ ಓಡುತ್ತಿದ್ದರೆ ನಿಲ್ಲಿಸಬೇಡಿ, ಮತ್ತೆ ಸ್ಟಾರ್ಟ್ ಆಗದೆ ಇರಬಹುದು. ಎಲ್ಲರೂ ಲೈಫ್ ಜಾಕೆಟ್ ಹಾಕಿ, ತಳದ ನೀರು ಒಂದು ಬದಿಗೆ ಹೊರಳದಂತೆ ನಡುವೆ ಇರಿ. ವಯರ್‌ಲೆಸ್ಸಿನ 16ನೇ ಚಾನೆಲ್ಲಿನಲ್ಲಿ ಕರೆಯಿರಿ. ಮೊಬೈಲ್ ಸಿಕ್ಕಿದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093. ಬೋಟಿನ ಪ್ರತಿ ತೂತಿನ ಪಕ್ಕ ಅದರ ಅಳತೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದರೆ, ಕತ್ತಲಲ್ಲಿ ತಡಕಾಡಿಯೂ ಬಡಿದು ಮುಚ್ಚಬಹುದು.

ಕೊನೆಗೆ ನಿಮ್ಮ ಆಗಸ್ಟ್ 1. ಮೊದಲ ದಿನಗಳ ಮೀನು ಬಿಟ್ಟುಕೊಡುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಎರಡು ತಿಂಗಳು ಕಾಸಿಲ್ಲದೆ ಕೂತ ಮನೆ ಅದನ್ನೇ ಕಾಯುತ್ತಿರುತ್ತದೆ. ಆದರೂ ಅಪ್ಪಯ್ಯನಿಗೆ ನೀವೇ ಹೇಳಿ, ನಾನು ಹೇಳಿದೆ ಎಂದು ಹೇಳಿ. ಆಗಸ್ಟಿನ ಮೊದಲ ವಾರ ಗಂಗೊಳ್ಳಿ ಅಳಿವೆಯಲ್ಲಿ ಅಲೆ ಇನ್ನೂ ಇಳಿದಿರುವುದಿಲ್ಲ, ಅಲ್ಲಿ ಎಂಜಿನ್ ಒಂದು ನಿಮಿಷ ನಿಂತರೆ ಬೋಟು ಅಡ್ಡವಾಗುತ್ತದೆ. ಸ್ಟಾರ್ಟ್ ಆಯಿತು ಎಂಬ ಖುಷಿಯಲ್ಲಿ ನೇರ ಅಳಿವೆಗೆ ಹೋಗಬೇಡಿ. ಹೊಳೆಯೊಳಗೇ ಗೇರ್ ಹಾಕಿ, ಅರ್ಧ ವೇಗದಲ್ಲಿ, ಮತ್ತೆ ಪೂರ್ತಿ ವೇಗದಲ್ಲಿ ಒಟ್ಟು ಎರಡು ಗಂಟೆ ಓಡಿಸಿ. ಪ್ರತಿ ಅರ್ಧ ಗಂಟೆಗೊಮ್ಮೆ ಒಬ್ಬರು ಎಂಜಿನ್ ರೂಮಿನ ಹಲಗೆ ಎತ್ತಿ ಗ್ಲ್ಯಾಂಡಿನ ಹನಿ ಎಣಿಸಲಿ, ಅದರ ಮೈ ಮುಟ್ಟಿ ನೋಡಲಿ. ಕೈ ಇಡಲಾರದಷ್ಟು ಬಿಸಿಯಾದರೆ ನಟ್ಟು ಬಿಗಿ ಹೆಚ್ಚಾಗಿದೆ. ಆಮೇಲೆ ಎಂಜಿನ್ ನಿಲ್ಲಿಸಿ, ಪೂರ್ತಿ ತಣಿಯಲು ಬಿಟ್ಟು, ಸೆಲ್ಫ್ ಹೊಡೆಯಿರಿ. ಮೊದಲ ಹೊಡೆತಕ್ಕೇ ಎದ್ದರೆ, ಸೀಮೆಸುಣ್ಣದ ಗೆರೆ ಒಣಗಿದ್ದರೆ, ಮರುದಿನ ಬೆಳಗಿನ ಉಬ್ಬರಕ್ಕೆ ಹೊರಡಿ. ಎರಡು ಇಂಚು ಯಾವ ಕಡೆಯಿಂದ ಬಂದಿತ್ತು ಎಂದು ಸಿಕ್ಕಿದ ಮೇಲೆ ನನಗೆ ಬರೆಯಿರಿ.